ಮಿದುಳಿನ ಕಾಂಡದ ಗೆಡ್ಡೆ: ಒಂದು ವಿಳಾಸ, ಹಲವು ರೋಗಗಳು

ಮಕ್ಕಳ ಕಾಯಿಲೆಗಳನ್ನು ಕುರಿತು ಮಾತನಾಡುವುದು ಸುಲಭವಲ್ಲ. ಅದರಲ್ಲಿಯೂ ಮಕ್ಕಳ ಮಿದುಳಿನಲ್ಲಿ ಬೆಳೆಯುವ ಗೆಡ್ಡೆಗಳ ವಿಷಯವನ್ನು ಎತ್ತಿದಾಗ, ಕೇಳುತ್ತಿರುವವರಲ್ಲಿ ಯಾರ ಮನೆಯಲ್ಲಿ ಯಾವ ನೋವಿದೆಯೋ ಎಂಬ ಅಳುಕು ಮಾತನಾಡುವವನನ್ನು ಬಿಡುವುದಿಲ್ಲ. ಆದರೂ ಈ ವಿಷಯವನ್ನು ನಾನು ಆರಿಸಿಕೊಂಡದ್ದಕ್ಕೆ ಒಂದು ಕಾರಣವುಂಟು. ‘ಮಗುವಿನ ಮಿದುಳಿನ ಕಾಂಡದಲ್ಲಿ ಗೆಡ್ಡೆಯಿದೆ’ ಎಂಬ ಒಂದು ಮಾತನ್ನು ಕೇಳಿ ಕೈಚೆಲ್ಲಿ ಕುಳಿತ ತಂದೆತಾಯಿಯರನ್ನು ವೈದ್ಯನಾಗಿ ನಾನು ಕಂಡಿದ್ದೇನೆ. ಅದೇ ಮಾತನ್ನು ಕೇಳಿ ಹೊಲ ಮಾರಿ, ಊರೂರು ಅಲೆದು, ಆಗದುದನ್ನು ಆಗಿಸಿಕೊಡುತ್ತೇವೆಂದು ಹೇಳುವವರ ಬಾಗಿಲಲ್ಲಿ ನಿಂತವರನ್ನೂ ಕಂಡಿದ್ದೇನೆ. ಕೈಚೆಲ್ಲಿದ ಕೆಲವರ ಮಕ್ಕಳು ಬದುಕಬಹುದಾಗಿದ್ದ ಮಕ್ಕಳು. ಅಲೆದ ಕೆಲವರ ಮಕ್ಕಳಿಗೆ ಉಳಿದಿದ್ದ ಕೆಲವೇ ತಿಂಗಳುಗಳು ಬಸ್ಸುಗಳಲ್ಲಿಯೂ ಆಸ್ಪತ್ರೆಗಳ ಪಡಸಾಲೆಗಳಲ್ಲಿಯೂ ಕಳೆದುಹೋದವು.

ಈ ಎರಡು ಬಗೆಯ ನಷ್ಟಕ್ಕೂ ಮೂಲ ಒಂದೇ. ‘ಮಿದುಳಿನ ಕಾಂಡದ ಗೆಡ್ಡೆ’ ಎಂಬುದು ರೋಗದ ಹೆಸರೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ರೋಗದ ವಿಳಾಸ ಮಾತ್ರ. ಒಂದೇ ಕೇರಿಯಲ್ಲಿ ಸಾಧುವೂ ವಾಸಿಸಬಹುದು, ಕಳ್ಳನೂ ವಾಸಿಸಬಹುದು. ಆ ಕೇರಿಯಲ್ಲಿ ಮನೆ ಮಾಡಿರುವವನು ಯಾರು ಎಂಬುದನ್ನು ತಿಳಿಯಲು ವೈದ್ಯಶಾಸ್ತ್ರಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ತಿಳಿವಳಿಕೆ ಹೇಗೆ ಬೆಳೆಯಿತು, ಅದರಿಂದ ಚಿಕಿತ್ಸೆ ಹೇಗೆ ಕವಲೊಡೆಯಿತು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಮೊದಲು ಆ ಕೇರಿಯ ಪರಿಚಯ ಮಾಡಿಕೊಳ್ಳೋಣ. ನಮ್ಮ ದೊಡ್ಡ ಮಿದುಳು ಹೂಕೋಸಿನ ಹಾಗೆ ಹರಡಿಕೊಂಡಿದೆ ಎಂದು ಭಾವಿಸಿದರೆ, ಅದರ ಅಡಿಯಲ್ಲಿರುವ ದಂಟೇ ಮಿದುಳಿನ ಕಾಂಡ. ದಪ್ಪದಲ್ಲಿ ಅದು ಹೆಚ್ಚುಕಡಿಮೆ ನಮ್ಮ ಹೆಬ್ಬೆರಳಿನಷ್ಟು. ಮೇಲಿನಿಂದ ಕೆಳಕ್ಕೆ ಅದರಲ್ಲಿ ಮೂರು ಭಾಗಗಳು. ಮೇಲಿನದು ನಡುಮಿದುಳು, ಮಧ್ಯದಲ್ಲಿ ಉಬ್ಬಿಕೊಂಡಿರುವುದು ಪಾನ್ಸ್, ಕೆಳಗೆ ಕಿರಿದಾಗುತ್ತ ಬೆನ್ನುಹುರಿಯನ್ನು ಸೇರುವುದು ಮೆಡುಲ್ಲ. ಪಾನ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸೇತುವೆ. ಕಿರುಮಿದುಳಿನ ಎರಡು ಪಾರ್ಶ್ವಗಳ ನಡುವೆ ಸೇತುವೆ ಕಟ್ಟಿದಂತೆ ಕಾಣುವುದರಿಂದ ಅದಕ್ಕೆ ಆ ಹೆಸರು ಬಂದಿತು. ಈ ಭಾಷಣದಲ್ಲಿ ನಾನು ಅದನ್ನು ಸೇತುವೆಯೆಂದೇ ಕರೆಯುತ್ತೇನೆ.

ಮಿದುಳಿನಿಂದ ಕೈಕಾಲುಗಳಿಗೆ ಹೋಗುವ ಆಜ್ಞೆಗಳೆಲ್ಲ ಈ ಹೆಬ್ಬೆರಳಿನ ಗಾತ್ರದ ದಂಟಿನ ಮೂಲಕವೇ ಇಳಿಯಬೇಕು. ದೇಹದಿಂದ ಮಿದುಳಿಗೆ ಬರುವ ಸ್ಪರ್ಶ, ನೋವುಗಳ ವರದಿಗಳೆಲ್ಲ ಇದರ ಮೂಲಕವೇ ಏರಬೇಕು. ತಲೆಬುರುಡೆಯಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಹತ್ತು ಜೊತೆಗಳು ಇದಕ್ಕೆ ಸೇರಿದವು. ಕಣ್ಣು ಹೊರಳಿಸುವುದು, ಮುಖವರಳಿಸಿ ನಗುವುದು, ಅಗಿಯುವುದು, ನುಂಗುವುದು, ಮಾತಿಗೆ ನಾಲಿಗೆಯನ್ನು ತಿರುಗಿಸುವುದು ಇವೆಲ್ಲ ಆ ನರಗಳ ಕೆಲಸ. ಉಸಿರಾಟದ ಲಯ, ಹೃದಯದ ಬಡಿತ, ನಿದ್ದೆ ಎಚ್ಚರಗಳ ಹತೋಟಿಯೂ ಇಲ್ಲಿಯೇ. ದೊಡ್ಡ ಮಿದುಳಿನಲ್ಲಿ ಒಂದು ನಿಂಬೆಹಣ್ಣಿನಷ್ಟು ಗೆಡ್ಡೆ ಬೆಳೆದರೂ ಕೆಲವು ಸಲ ಅದು ಬಹುಕಾಲ ಸದ್ದಿಲ್ಲದೆ ಇರಬಲ್ಲದು. ಕಾಂಡದಲ್ಲಿ ಹಾಗಲ್ಲ. ಅಲ್ಲಿ ಖಾಲಿ ಜಾಗವೇ ಇಲ್ಲ.

ಮಕ್ಕಳಲ್ಲಿ ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಹುಟ್ಟುವ ಗೆಡ್ಡೆಗಳ ಪೈಕಿ ನೂರಕ್ಕೆ ಸುಮಾರು 10ರಿಂದ 15 ಈ ಕಾಂಡದವು. ಅವುಗಳಲ್ಲಿ ಬಹುಪಾಲು ‘ಗ್ಲಯೋಮ’ ಎಂಬ ಜಾತಿಗೆ ಸೇರುತ್ತವೆ. ನರಕೋಶಗಳಿಗೆ ಆಸರೆಯಾಗಿ, ಅವುಗಳಿಗೆ ಪೋಷಣೆ ಒದಗಿಸುತ್ತ ಇರುವ ಗ್ಲಯಾ ಕೋಶಗಳು ಹತೋಟಿ ತಪ್ಪಿ ಬೆಳೆದಾಗ ಆಗುವ ಗೆಡ್ಡೆ ಅದು. ಐದರಿಂದ ಹತ್ತು ವರ್ಷದ ಮಕ್ಕಳಲ್ಲಿ, ಅಂದರೆ ಆಗತಾನೆ ಶಾಲೆಗೆ ಹೊಂದಿಕೊಂಡ ಮಕ್ಕಳಲ್ಲಿ, ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಲಕ್ಷಣಗಳು ಬಹಳ ಸಾಮಾನ್ಯವಾಗಿ ಶುರುವಾಗುತ್ತವೆ. ನಿನ್ನೆಯವರೆಗೆ ನೇರವಾಗಿದ್ದ ಕಣ್ಣು ಮೆಳ್ಳೆಯಾಗುತ್ತದೆ. ಮಗು ಎರಡೆರಡು ಕಾಣುತ್ತದೆಂದು ಹೇಳುತ್ತದೆ, ಇಲ್ಲವೆ ಒಂದು ಕಣ್ಣು ಮುಚ್ಚಿಕೊಂಡು ಪುಸ್ತಕ ಓದುತ್ತದೆ. ನಕ್ಕರೆ ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಒಂದು ಕಣ್ಣಿನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ನೀರು ಕುಡಿಯುವಾಗ ನೆತ್ತಿಗೇರುತ್ತದೆ. ನಡೆಯುವಾಗ ವಾಲುತ್ತದೆ, ಒಂದು ಕಾಲು ಎಳೆಯುತ್ತದೆ. ಇವೆಲ್ಲಕ್ಕೂ ಅಂಗರಚನೆಯಲ್ಲಿ ವಿವರಣೆಯುಂಟು. ಕಣ್ಣನ್ನು ಹೊರಕ್ಕೆ ಹೊರಳಿಸುವ ಆರನೆಯ ನರ ಮತ್ತು ಮುಖದ ಸ್ನಾಯುಗಳನ್ನು ಆಡಿಸುವ ಏಳನೆಯ ನರ, ಇವೆರಡೂ ಸೇತುವೆಯೊಳಗೆ ಒಂದಕ್ಕೊಂದು ಅಂಟಿಕೊಂಡಂತೆ ಹುಟ್ಟುತ್ತವೆ. ಆದ್ದರಿಂದಲೇ ಸೇತುವೆಯ ಗೆಡ್ಡೆಯಲ್ಲಿ ಕಣ್ಣು ಮತ್ತು ನಗು ಎರಡೂ ಒಟ್ಟಿಗೆ ಕೆಡುತ್ತವೆ. ಮನೆಯವರು ದೃಷ್ಟಿ ತೆಗೆಸುತ್ತಾರೆ. ಆಮೇಲೆ ಕನ್ನಡಕದ ಅಂಗಡಿಗೆ ಕರೆದೊಯ್ಯುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಮೆಳ್ಳೆಗಣ್ಣಿಗೆ ನೂರು ಕಾರಣಗಳಿವೆ. ಅವುಗಳಲ್ಲಿ ಇದು ಅತಿ ವಿರಳವಾದುದು. ಆದರೆ ಹೊಸದಾಗಿ ಬಂದ ಮೆಳ್ಳೆಯೊಡನೆ ಬಾಯಿ ಸೊಟ್ಟಗಾಗುವುದೋ ನಡಿಗೆ ವಾಲುವುದೋ ಸೇರಿಕೊಂಡರೆ ತಡಮಾಡದೆ ನರರೋಗಗಳ ವೈದ್ಯರಿಗೆ ತೋರಿಸಬೇಕು.

ಇಲ್ಲಿಯೇ ವಿಂಗಡಣೆಯ ಮೊದಲ ಎಳೆ ಸಿಕ್ಕುತ್ತದೆ. ಅದಕ್ಕೆ ಯಾವ ಯಂತ್ರವೂ ಬೇಡ. ‘ಇದು ಎಷ್ಟು ದಿನದಿಂದ?’ ಎಂಬ ಪ್ರಶ್ನೆ ಸಾಕು. ‘ಮೂರು ವಾರದಿಂದ’ ಎಂದು ತಾಯಿ ಹೇಳಿದರೆ ವೈದ್ಯನ ಎದೆ ಭಾರವಾಗುತ್ತದೆ. ‘ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ’ ಎಂದರೆ ಅಷ್ಟರಮಟ್ಟಿಗೆ ಆಸೆ ಚಿಗುರುತ್ತದೆ. ವೇಗವಾಗಿ ಬೆಳೆಯುವ ಗೆಡ್ಡೆ ವಾರಗಳಲ್ಲಿ ತನ್ನನ್ನು ತೋರಿಸಿಕೊಳ್ಳುತ್ತದೆ; ನಿಧಾನದ ಗೆಡ್ಡೆ ವರ್ಷಗಟ್ಟಲೆ ಅವಿತುಕೊಂಡಿರುತ್ತದೆ.

ಆದರೆ ಬಹುಕಾಲ ಈ ಎಳೆಯನ್ನು ಹಿಡಿದು ಮುಂದೆ ಹೋಗುವ ದಾರಿಯೇ ಇರಲಿಲ್ಲ. ಅಮೆರಿಕದ ವಾಲ್ಟರ್ ಡ್ಯಾಂಡಿ 1919ರಲ್ಲಿ ಪ್ರಕಟಿಸಿದ ವಿಧಾನದಂತೆ, ಬೆನ್ನಿನ ಕೆಳಭಾಗದಲ್ಲಿ ಸೂಜಿ ಚುಚ್ಚಿ, ಮಿದುಳಿನ ಸುತ್ತಲಿನ ದ್ರವದ ಜಾಗಕ್ಕೆ ಗಾಳಿಯನ್ನು ಸೇರಿಸಿ ಎಕ್ಸ್-ರೇ ತೆಗೆಯುತ್ತಿದ್ದರು. ತಡೆಯಲಾರದ ತಲೆನೋವು ತರುತ್ತಿದ್ದ ಆ ಪರೀಕ್ಷೆಯಲ್ಲಿ ಕಾಣುತ್ತಿದ್ದುದು ಗೆಡ್ಡೆಯಲ್ಲ. ಗೆಡ್ಡೆ ಪಕ್ಕಕ್ಕೆ ತಳ್ಳಿದ ಗಾಳಿಯ ನೆರಳು. ಕಾಂಡ ಊದಿಕೊಂಡಿದೆ ಎಂಬುದು ತಿಳಿಯುತ್ತಿತ್ತು. ಊದಿಸಿದ್ದು ಏನೆಂಬುದು ತಿಳಿಯುತ್ತಿರಲಿಲ್ಲ. ಬಾಸ್ಟನ್ನಿನ ಪ್ರಸಿದ್ಧ ಮಕ್ಕಳ ನರಶಸ್ತ್ರವೈದ್ಯ ಡೊನಾಲ್ಡ್ ಮ್ಯಾಟ್ಸನ್ 1969ರಲ್ಲಿ ಹೊರತಂದ ತಮ್ಮ ಗ್ರಂಥದಲ್ಲಿ, ಕೋಶಗಳ ಸ್ವರೂಪ ಏನೇ ಆಗಿರಲಿ, ಕಾಂಡದ ಗೆಡ್ಡೆಗಳನ್ನೆಲ್ಲ ಮಾರಕವೆಂದೇ ಎಣಿಸಬೇಕು, ಅವು ಇರುವ ಸ್ಥಳವೇ ಅವುಗಳನ್ನು ಶಸ್ತ್ರಕ್ಕೆ ನಿಲುಕದಂತೆ ಮಾಡುತ್ತದೆ ಎಂಬ ಅಭಿಪ್ರಾಯವನ್ನು ಬರೆದರು. ಆ ಕಾಲದ ಅನುಭವಕ್ಕೆ ಅದು ಸಹಜವಾದ ಮಾತು. ಆದರೆ ಅಲ್ಲಿಗೆ ವಿಳಾಸವೇ ಹಣೆಬರಹವಾಯಿತು.

ಅದೇ 1969ರಲ್ಲಿ ಚಂದ್ರನ ಮೇಲೆ ಮೊದಲ ಹೆಜ್ಜೆಯಿಟ್ಟ ನೀಲ್ ಆರ್ಮ್‌ಸ್ಟ್ರಾಂಗರ ಮನೆಯ ಕಥೆಯನ್ನು ಇಲ್ಲಿ ನೆನೆಯಬೇಕು. ಅವರ ಎರಡು ವರ್ಷದ ಮಗಳಿಗೆ 1961ರಲ್ಲಿ ಮಿದುಳಿನ ಕಾಂಡದ ಗೆಡ್ಡೆಯಿರುವುದು ತಿಳಿಯಿತು. ಎಕ್ಸ್-ರೇ ಚಿಕಿತ್ಸೆ ಕೊಟ್ಟರು. ಮಗು ಸ್ವಲ್ಪ ಚೇತರಿಸಿಕೊಂಡು ಮತ್ತೆ ಕುಸಿಯಿತು. ಆಮೇಲೆ ಕೋಬಾಲ್ಟ್ ವಿಕಿರಣವನ್ನೂ ಪ್ರಯೋಗಿಸಿದರು. 1962ರ ಜನವರಿಯಲ್ಲಿ ಮಗು ತೀರಿಕೊಂಡಿತು. ಚಿಕಿತ್ಸೆ, ಚೇತರಿಕೆ, ಮರುಕುಸಿತ ಎಂಬ ಆ ಕ್ರಮವನ್ನು ಗಮನದಲ್ಲಿಟ್ಟುಕೊಳ್ಳಿ. ಈ ಗೆಡ್ಡೆಗಳಲ್ಲಿ ಒಂದು ಬಗೆಯದರ ನಡೆ ಇಂದಿಗೂ ಅದೇ.

ಮೊದಲ ಬದಲಾವಣೆ ಬಂದದ್ದು ಚಿತ್ರಗಳಿಂದ. 1971ರ ಅಕ್ಟೋಬರಿನಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ನಿರ್ಮಿಸಿದ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳನ್ನು ಪದರಪದರವಾಗಿ ತೋರಿಸಿತು. ಆದರೆ ಕಾಂಡ ಇರುವುದು ತಲೆಬುರುಡೆಯ ಅತಿ ದಪ್ಪನಾದ ಮೂಳೆಗಳ ನಡುವೆ. ಆ ಮೂಳೆಗಳು ಸಿ.ಟಿ. ಚಿತ್ರದ ಮೇಲೆ ಗೆರೆಗೆರೆಯಾಗಿ ನೆರಳು ಚೆಲ್ಲುತ್ತವೆ. 1980ರ ದಶಕದಲ್ಲಿ ಎಂ.ಆರ್.ಐ. ಬಳಕೆಗೆ ಬಂದ ಮೇಲೆ ಆ ತೊಡಕು ಕಳೆಯಿತು. ಅದು ಎಕ್ಸ್-ಕಿರಣಗಳ ಬದಲು ಕಾಂತಕ್ಷೇತ್ರವನ್ನು ಬಳಸುವುದರಿಂದ ಮೂಳೆ ಅದಕ್ಕೆ ಅಡ್ಡಿಯಾಗುವುದಿಲ್ಲ. ಮುಂದಿನಿಂದ, ಪಕ್ಕದಿಂದ, ಅಡ್ಡಲಾಗಿ, ಹೇಗೆ ಬೇಕಾದರೂ ಕಾಂಡವನ್ನು ಸೀಳಿ ನೋಡಿದಂತೆ ನೋಡಬಹುದಾಯಿತು.

ನೋಡಿದಾಗ ತಿಳಿದ ಸಂಗತಿ ಏನೆಂದರೆ, ಎಲ್ಲ ಮಕ್ಕಳ ಕಾಂಡವೂ ಒಂದೇ ರೀತಿಯಲ್ಲಿ ಊದಿಕೊಂಡಿರಲಿಲ್ಲ. ಟೊರಾಂಟೋದ ಹೆರಾಲ್ಡ್ ಹಾಫ್‌ಮನ್ ಮತ್ತು ಅವರ ಸಂಗಡಿಗರು, ನ್ಯೂಯಾರ್ಕಿನ ಫ್ರೆಡ್ ಎಪ್‌ಸ್ಟೀನ್ ಮೊದಲಾದವರು ಆ ದಶಕದಲ್ಲಿ ಗೆಡ್ಡೆಗಳನ್ನು ಅವು ಬೆಳೆಯುವ ರೀತಿಗೆ ತಕ್ಕಂತೆ ಬೇರೆ ಬೇರೆಯಾಗಿ ವಿಂಗಡಿಸಿದರು. ಯಾವುದನ್ನು ಶಸ್ತ್ರದಿಂದ ತೆಗೆಯಬಹುದು, ಯಾವುದನ್ನು ಮುಟ್ಟಬಾರದು ಎಂಬ ವಿವೇಕ ಆ ವಿಂಗಡಣೆಯಿಂದ ಹುಟ್ಟಿತು. ಪುಸ್ತಕಗಳಲ್ಲಿ ಈ ವರ್ಗೀಕರಣದ ರೂಪಗಳು ಹಲವಿದ್ದರೂ ಅವುಗಳ ಸಾರವನ್ನು ನಾಲ್ಕು ಬಗೆಗಳಲ್ಲಿ ಹೇಳಬಹುದು.

ಮೊದಲನೆಯದು ಮೆಡುಲ್ಲ ಮತ್ತು ಕತ್ತಿನ ಬೆನ್ನುಹುರಿ ಸೇರುವ ಸಂಧಿಯಲ್ಲಿ ಬೆಳೆಯುವ ಗೆಡ್ಡೆ. ಕುತ್ತಿಗೆ ನೋವು, ತಲೆಯನ್ನು ಓರೆಯಾಗಿ ಹಿಡಿಯುವುದು, ದನಿ ಬದಲಾಗುವುದು, ಮತ್ತೆ ಮತ್ತೆ ನ್ಯುಮೋನಿಯ ಬರುವುದು ಇದರ ಲಕ್ಷಣಗಳು. ನುಂಗಿದ್ದು ಶ್ವಾಸಕೋಶಕ್ಕೆ ಜಾರುವುದರಿಂದ ಆ ನ್ಯುಮೋನಿಯ. ಈ ಗೆಡ್ಡೆ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವಂಥದು. ಎಪ್‌ಸ್ಟೀನ್ ಇದರಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದರು. ಮೆಡುಲ್ಲದಲ್ಲಿ ಅಡ್ಡಹಾಯುವ ನರತಂತುಗಳ ಕಟ್ಟುಗಳು ನಿಧಾನದ ಗೆಡ್ಡೆಗೆ ಬೇಲಿಯಾಗಿ ನಿಲ್ಲುತ್ತವೆ. ಬೇಲಿಯನ್ನು ದಾಟಲಾರದ ಗೆಡ್ಡೆ ಹಿಂದಕ್ಕೆ ಉಬ್ಬುತ್ತದೆ. ಹಾಗೆ ಉಬ್ಬಿ ಶಸ್ತ್ರವೈದ್ಯನ ಕೈಗೆ ತಾನಾಗಿಯೇ ಸಿಕ್ಕುತ್ತದೆ. ಇಂಥ ಎಷ್ಟೋ ಮಕ್ಕಳು ಶಸ್ತ್ರಚಿಕಿತ್ಸೆಯ ನಂತರ ದೀರ್ಘಕಾಲ ಬಾಳಿದ್ದಾರೆ.

ಎರಡನೆಯದು ಕಾಂಡದ ಹಿಂಬದಿಯಿಂದ ಹೊರಚಾಚಿ, ಅಲ್ಲಿರುವ ದ್ರವದ ಕೋಣೆಯೊಳಗೆ ಅಣಬೆಯಂತೆ ಬೆಳೆಯುವ ಗೆಡ್ಡೆ. ಇದು ದ್ರವದ ಹರಿವನ್ನು ತಡೆಯುವುದರಿಂದ ತಲೆನೋವು, ಬೆಳಗಿನ ವಾಂತಿ ಮುಖ್ಯ ಲಕ್ಷಣಗಳು. ಹೊರಚಾಚಿದ ಭಾಗವನ್ನು ಕಾಂಡದ ಮಟ್ಟಕ್ಕೆ ಸವರಿ ತೆಗೆದು, ಬೇರಿನಂತಿರುವ ಉಳಿಕೆಯನ್ನು ಕೆದಕದೆ ಬಿಡುತ್ತಾರೆ. ಆ ಉಳಿಕೆ ಬಹಳ ಸಲ ವರ್ಷಗಟ್ಟಲೆ ಸುಮ್ಮನಿರುತ್ತದೆ.

ಮೂರನೆಯದು ಒಂದೇ ಕಡೆ ನೆಲೆನಿಂತು, ಅಂಚು ಸ್ಪಷ್ಟವಾಗಿರುವ ಚಿಕ್ಕ ಗೆಡ್ಡೆ. ನಡುಮಿದುಳಿನ ಹಿಂದಿನ ಚಾವಣಿಯಲ್ಲಿ ಹುಟ್ಟುವುದು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಮಿದುಳುದ್ರವ ಹರಿಯುವ ಒಂದು ಸಣ್ಣ ಕಾಲುವೆಯಿದೆ. ಬಟಾಣಿಯಷ್ಟು ಗೆಡ್ಡೆ ಬೆಳೆದರೂ ಕಾಲುವೆ ಮುಚ್ಚಿಹೋಗಿ ತಲೆಯೊಳಗೆ ನೀರು ಕಟ್ಟಿಕೊಳ್ಳುತ್ತದೆ. ಮಗುವಿಗೆ ತೊಂದರೆ ಕೊಡುತ್ತಿರುವುದು ಆ ನೀರು, ಗೆಡ್ಡೆಯಲ್ಲ. ದುರ್ಬೀನಿನಂಥ ತೆಳುವಾದ ನಳಿಗೆಯನ್ನು ಒಳಗಿಳಿಸಿ ನೀರು ಹರಿಯಲು ಬೇರೊಂದು ದಾರಿ ಮಾಡಿಕೊಟ್ಟರೆ ಸಾಕಾಗುತ್ತದೆ. ಗೆಡ್ಡೆಯನ್ನು ಮುಟ್ಟದೆ, ಕಾಲಕಾಲಕ್ಕೆ ಚಿತ್ರ ತೆಗೆದು ಕಾಯುತ್ತಾರೆ. ಏನೂ ಮಾಡದೆ ಕಾಯುವುದೂ ಒಂದು ಚಿಕಿತ್ಸೆಯೆಂಬುದನ್ನು ತಂದೆತಾಯಿಯರಿಗೆ ಒಪ್ಪಿಸುವುದು ಶಸ್ತ್ರಚಿಕಿತ್ಸೆಗೆ ಒಪ್ಪಿಸುವುದಕ್ಕಿಂತ ಕಷ್ಟ.

ನಾಲ್ಕನೆಯದು ಹರಡುಗೆಡ್ಡೆ. ಕಾಂಡದ ಗೆಡ್ಡೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಇದೇ ಎಂಬುದು ದುಃಖದ ಸಂಗತಿ. ಇದು ಸೇತುವೆಯಲ್ಲಿ ಹುಟ್ಟಿ ಅದನ್ನೆಲ್ಲ ವ್ಯಾಪಿಸುತ್ತದೆ. ಇದಕ್ಕೆ ಅಂಚೆಂಬುದಿಲ್ಲ, ಗೆಡ್ಡೆಯ ಕೋಶಗಳೂ ಆರೋಗ್ಯದ ಕೋಶಗಳೂ ಹೆಣೆದುಕೊಂಡಿರುತ್ತವೆ. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸಿ ತೆಗೆಯಬಹುದು. ಹಿಟ್ಟಿನಲ್ಲಿ ಕಲೆಸಿದ ಉಪ್ಪನ್ನು ಆರಿಸಿ ತೆಗೆಯುವವರು ಯಾರು? ಆದ್ದರಿಂದ ಇಲ್ಲಿ ಗೆಡ್ಡೆಯನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಗೆ ಎಡೆಯಿಲ್ಲ. ಮ್ಯಾಟ್ಸನ್ನರು ಎಲ್ಲ ಗೆಡ್ಡೆಗಳಿಗೂ ಹೇಳಿದ ಮಾತು ಈ ಒಂದು ಬಗೆಗೆ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ.

ಈ ನಾಲ್ಕರ ಜೊತೆಗೆ, ಗೆಡ್ಡೆಯ ವೇಷದಲ್ಲಿ ಬರುವ ಬೇರೆ ರೋಗಗಳನ್ನೂ ಮರೆಯಬಾರದು. ನಮ್ಮ ದೇಶದಲ್ಲಿ ಇದು ವಿಶೇಷವಾಗಿ ಮುಖ್ಯ. ಕ್ಷಯರೋಗ ಶ್ವಾಸಕೋಶಕ್ಕೆ ಮಾತ್ರ ಬರುವುದಿಲ್ಲ. ಮಿದುಳಿನಲ್ಲಿಯೂ ಗಂಟು ಕಟ್ಟುತ್ತದೆ, ಕೆಲವೊಮ್ಮೆ ಕಾಂಡದಲ್ಲಿಯೇ ಕಟ್ಟುತ್ತದೆ. ಚಿತ್ರದಲ್ಲಿ ಅದು ಗೆಡ್ಡೆಯೆಂದೇ ಭ್ರಮೆ ಹುಟ್ಟಿಸಬಹುದು. ಆದರೆ ಒಂದು ವರ್ಷವೋ ಅದಕ್ಕಿಂತ ಸ್ವಲ್ಪ ಹೆಚ್ಚು ಕಾಲವೋ ಕ್ಷಯದ ಮಾತ್ರೆಗಳನ್ನು ತಪ್ಪದೆ ಕೊಟ್ಟರೆ ಅದು ಕರಗಬಲ್ಲದು. ಮೈಮೇಲೆ ಕಾಫಿಬಣ್ಣದ ಮಚ್ಚೆಗಳಿರುವ, ‘ನ್ಯೂರೋಫೈಬ್ರೋಮಟೋಸಿಸ್’ ಎಂಬ ವಂಶವಾಹಿಯ ದೋಷವುಳ್ಳ ಮಕ್ಕಳಲ್ಲಿಯೂ ಕಾಂಡದಲ್ಲಿ ಊತ ಕಾಣಿಸುವುದುಂಟು. ಅದು ಬಹುಮಟ್ಟಿಗೆ ನಿರುಪದ್ರವಿ. ಮಗುವಿನ ಅಂಗಿ ಬಿಚ್ಚಿಸಿ ಬೆನ್ನು ನೋಡದ ವೈದ್ಯನಿಗೆ ಅತ್ಯುತ್ತಮ ಯಂತ್ರದ ಚಿತ್ರವೂ ತಪ್ಪುದಾರಿ ತೋರಿಸಬಹುದು.

ಹರಡುಗೆಡ್ಡೆಯ ಚಿಕಿತ್ಸೆಯ ವಿಷಯಕ್ಕೆ ಬರೋಣ. ಊತ ಇಳಿಸಲು ಸ್ಟಿರಾಯ್ಡ್ ಔಷಧ ಕೊಡುತ್ತಾರೆ. ಮುಖ್ಯ ಚಿಕಿತ್ಸೆ ವಿಕಿರಣ. ವಿಕಿರಣದ ಅಳತೆಗೆ ಗ್ರೇ ಎಂದು ಹೆಸರು. ಒಟ್ಟು 54 ಗ್ರೇ ವಿಕಿರಣವನ್ನು 30 ಕಂತುಗಳಾಗಿ, ಆರು ವಾರಗಳ ಕಾಲ ಕೊಡುವುದು ರೂಢಿ. ಬಹುಪಾಲು ಮಕ್ಕಳಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಓರೆಯಾಗಿದ್ದ ಕಣ್ಣು ನೇರವಾಗುತ್ತದೆ, ನಡಿಗೆ ಮರಳುತ್ತದೆ, ಮಗು ಮತ್ತೆ ಶಾಲೆಗೆ ಹೋಗುತ್ತದೆ. ಆದರೆ ಕೆಲವು ತಿಂಗಳುಗಳ ಮೇಲೆ ಗೆಡ್ಡೆ ಮತ್ತೆ ತಲೆಯೆತ್ತುತ್ತದೆ. ರೋಗ ತಿಳಿದ ದಿನದಿಂದ ಅರ್ಧದಷ್ಟು ಮಕ್ಕಳು ಒಂದು ವರ್ಷವನ್ನು ಮುಟ್ಟುವುದಿಲ್ಲ. ಎರಡು ವರ್ಷ ದಾಟುವವರು ನೂರರಲ್ಲಿ ಹತ್ತು ಮಂದಿಯೂ ಇಲ್ಲ.

ಈ ಅಂಕಿಗಳನ್ನು ಬದಲಿಸಲು ಮಾಡಿದ ಪ್ರಯತ್ನಗಳು ಕಡಮೆಯಲ್ಲ. 1980 ಮತ್ತು 90ರ ದಶಕಗಳಲ್ಲಿ ವಿಕಿರಣದ ಪ್ರಮಾಣವನ್ನು 78 ಗ್ರೇವರೆಗೂ ಏರಿಸಿ ನೋಡಿದರು, ಪ್ರಯೋಜನವಾಗಲಿಲ್ಲ. ಬಗೆಬಗೆಯ ಕ್ಯಾನ್ಸರ್ ಔಷಧಗಳನ್ನು ಸೇರಿಸಿದರು, ಆಯುಷ್ಯ ಹೆಚ್ಚಲಿಲ್ಲ. ರಕ್ತದಲ್ಲಿರುವ ವಿಷಗಳು ಮಿದುಳಿಗೆ ಇಳಿಯದಂತೆ ಪ್ರಕೃತಿ ಕಟ್ಟಿರುವ ತಡೆಗೋಡೆ ಈ ಗೆಡ್ಡೆಯೊಳಗೆ ಬಹುಮಟ್ಟಿಗೆ ಮುರಿಯದೆ ಉಳಿದಿರುತ್ತದೆ. ಅದೇ ಗೋಡೆ ಔಷಧವನ್ನೂ ಹೊರಗೆ ನಿಲ್ಲಿಸುತ್ತದೆ.

ಒಂದು ಪ್ರಯೋಗ ಮಾತ್ರ, ಆಯುಷ್ಯವನ್ನು ಹೆಚ್ಚಿಸದಿದ್ದರೂ, ನನಗೆ ಬಹಳ ಮಾನವೀಯವೆಂದು ತೋರುತ್ತದೆ. ಈಜಿಪ್ಟಿನ ಕೈರೋ ನಗರದ ಮಕ್ಕಳ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರು 30 ಕಂತುಗಳ ಬದಲು 13 ಕಂತುಗಳಲ್ಲಿ 39 ಗ್ರೇ ವಿಕಿರಣ ಕೊಟ್ಟು ಎರಡನ್ನೂ ಹೋಲಿಸಿ, 2014ರಲ್ಲಿ ವರದಿ ಪ್ರಕಟಿಸಿದರು. ಎರಡು ಗುಂಪಿನ ಮಕ್ಕಳೂ ಹೆಚ್ಚುಕಡಿಮೆ ಒಂದೇ ಅವಧಿ ಬದುಕಿದರು. ಆದರೆ ಆರು ವಾರದ ಚಿಕಿತ್ಸೆ ಎರಡೂವರೆ ವಾರದಲ್ಲಿ ಮುಗಿಯಿತು. ಬದುಕಿನಲ್ಲಿ ಒಂಬತ್ತೋ ಹತ್ತೋ ತಿಂಗಳು ಮಾತ್ರ ಉಳಿದಿರುವ ಮಗುವಿಗೆ ಒಂದು ತಿಂಗಳು ಎಂದರೆ ಎಷ್ಟು! ಬೀದರಿನಿಂದಲೋ ರಾಯಚೂರಿನಿಂದಲೋ ಬಂದು, ಬೆಂಗಳೂರಿನ ಧರ್ಮಛತ್ರದಲ್ಲಿ ಗಂಟುಮೂಟೆಯೊಡನೆ ಬೀಡುಬಿಡುವ ಸಂಸಾರಕ್ಕೆ ಆ ಮೂರೂವರೆ ವಾರಗಳ ಬೆಲೆಯನ್ನು ಬೇರೆ ಯಾರೂ ಕಟ್ಟಲಾರರು.

ಇನ್ನು ವಿಂಗಡಣೆಯ ಎರಡನೆಯ ಹಂತ. ಎಂ.ಆರ್.ಐ. ಚಿತ್ರದಲ್ಲಿಯೇ ಹರಡುಗೆಡ್ಡೆ ಸ್ಪಷ್ಟವಾಗಿ ತಿಳಿಯುತ್ತದೆ, ಸೇತುವೆಗೆ ಸೂಜಿ ಹಾಕಿ ಚೂರು ತೆಗೆಯುವ ಅಪಾಯವೇಕೆ ಎಂಬುದು 1990ರ ದಶಕದಲ್ಲಿ ಒಪ್ಪಿತವಾಗಿದ್ದ ನಿಲುವು. ಮಗುವಿನ ದೃಷ್ಟಿಯಿಂದ ಅದು ದಯೆಯ ಮಾತು. ಆದರೆ ಅದರ ಫಲವಾಗಿ, ಈ ಗೆಡ್ಡೆಯ ಒಂದು ತುಣುಕೂ ಪ್ರಯೋಗಶಾಲೆಗೆ ಬರದಂತಾಯಿತು. ನೋಡದ ಶತ್ರುವಿನ ಮೇಲೆ ಬೇರೆ ಯಾವುದೋ ಶತ್ರುವಿಗೆ ಮಾಡಿದ ಬಾಣಗಳನ್ನು ಬಿಡುತ್ತಿದ್ದೆವು.

ಆ ಕತ್ತಲೆ ಎರಡು ಕಡೆಯಿಂದ ಹರಿಯಿತು. ಪ್ಯಾರಿಸ್ಸಿನ ನೆಕೆರ್ ಮಕ್ಕಳ ಆಸ್ಪತ್ರೆಯ ಶಸ್ತ್ರವೈದ್ಯರು, ಕರಾರುವಾಕ್ಕಾಗಿ ಗುರಿಹಿಡಿದ ಸೂಜಿಯಿಂದ ಸೇತುವೆಯ ಚೂರನ್ನು ತೆಗೆಯುವುದು ಸುರಕ್ಷಿತವಾಗಿ ಸಾಧ್ಯವೆಂದು 2007ರಲ್ಲಿ 24 ಮಕ್ಕಳ ಅನುಭವದಿಂದ ತೋರಿಸಿದರು. ಇನ್ನೊಂದು ಕಡೆಯಿಂದ, ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರು ಸಾವಿನ ನಂತರ ಗೆಡ್ಡೆಯನ್ನು ಸಂಶೋಧನೆಗೆ ದಾನ ಮಾಡಲು ಮುಂದೆ ಬಂದರು. ಹಾಗೆ ದಾನವಾಗಿ ಬಂದ ಗೆಡ್ಡೆಯ ಕೋಶಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಿಶೆಲ್ ಮೋಂಜೆ ಮತ್ತು ಅವರ ಸಂಗಡಿಗರು ಪ್ರಯೋಗಶಾಲೆಯಲ್ಲಿ ಬೆಳೆಸಿ 2011ರಲ್ಲಿ ವರದಿ ಮಾಡಿದರು. ತಮ್ಮ ಮಗುವಿಗೆ ಇನ್ನೇನೂ ಆಗದೆಂದು ತಿಳಿದೂ ಬೇರೆಯವರ ಮಕ್ಕಳಿಗಾಗಿ ಕೊಟ್ಟ ದಾನ ಅದು. ಇದಕ್ಕಿಂತ ದೊಡ್ಡ ದಾನವನ್ನು ನಾನು ಅರಿಯೆ.

2012ರಲ್ಲಿ ಅಮೆರಿಕದ ಒಂದು ತಂಡವೂ ಕೆನಡದ ಮಾಂಟ್ರಿಯಲ್ಲಿನ ನೇತೃತ್ವದ ಇನ್ನೊಂದು ತಂಡವೂ ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ಕಂಡುಹಿಡಿದವು. ನಮ್ಮ ಪ್ರತಿ ಜೀವಕೋಶದಲ್ಲಿಯೂ ಸುಮಾರು ಎರಡು ಮೀಟರು ಉದ್ದದ ಡಿ.ಎನ್.ಎ. ಎಳೆ ಇದೆ. ಅದು ಸಿಕ್ಕಾಗದಂತೆ ಲಾಳಿಯಂಥ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಆ ಲಾಳಿಗಳಿಗೆ ಹಿಸ್ಟೋನ್ ಎಂದು ಹೆಸರು. ಎಳೆಯ ಯಾವ ಭಾಗ ಬಿಚ್ಚಿಕೊಂಡು ಕೆಲಸ ಮಾಡಬೇಕು, ಯಾವುದು ಸುತ್ತಿಕೊಂಡು ಸುಮ್ಮನಿರಬೇಕು ಎಂಬುದಕ್ಕೆ ಈ ಲಾಳಿಯ ಬಾಲದ ಮೇಲೆ ಗುರುತುಗಳಿರುತ್ತವೆ. ಹರಡುಗೆಡ್ಡೆಗಳಲ್ಲಿ ನೂರಕ್ಕೆ ಸುಮಾರು ಎಂಬತ್ತರಲ್ಲಿ, ಆ ಬಾಲದ 27ನೆಯ ಸ್ಥಾನದಲ್ಲಿ ಲೈಸೀನ್ ಇರಬೇಕಾದ ಕಡೆ ಮೆಥಿಯೊನೀನ್ ಇತ್ತು. ಇಡೀ ಗ್ರಂಥದಲ್ಲಿ ಒಂದು ಅಕ್ಷರದ ಸ್ಖಾಲಿತ್ಯ! ಅದರಿಂದ ‘ಸುಮ್ಮನಿರು’ ಎಂಬ ಗುರುತು ಅಳಿಸಿಹೋಗಿ, ಮುಚ್ಚಿರಬೇಕಾದ ಎಷ್ಟೋ ವಂಶವಾಹಿಗಳು ತೆರೆದುಕೊಳ್ಳುತ್ತವೆ. ಬೆಳೆದು ನಿಲ್ಲಬೇಕಾದ ಕೋಶ ಶೈಶವದಲ್ಲಿಯೇ ಉಳಿದು ವಿಭಜನೆಯಾಗುತ್ತಲೇ ಹೋಗುತ್ತದೆ. ತಂದೆತಾಯಿಯರು ಏನು ಮಾಡಿದ್ದರಿಂದಲೂ, ಮಾಡದೆ ಬಿಟ್ಟಿದ್ದರಿಂದಲೂ ಬಂದ ದೋಷ ಇದಲ್ಲ. ಈ ಮಾತನ್ನು ಅವರಿಗೆ ಒತ್ತಿ ಹೇಳಬೇಕು.

ಈ ಶೋಧದಿಂದ ಹೆಸರೇ ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿಯೂ ಮತ್ತೆ 2021ರಲ್ಲಿಯೂ ಪ್ರಕಟಿಸಿದ ವರ್ಗೀಕರಣಗಳಲ್ಲಿ, ಹಿಸ್ಟೋನಿನ ಈ ದೋಷವುಳ್ಳ ಹರಡುಗೆಡ್ಡೆಗಳನ್ನು ಒಂದು ಪ್ರತ್ಯೇಕ ರೋಗವೆಂದು ಎಣಿಸಿತು. ಅವು ಸೇತುವೆಯಲ್ಲಿರಲಿ, ಮಿದುಳಿನ ನಡುಭಾಗದ ಥಲಾಮಸ್ಸಿನಲ್ಲಿರಲಿ, ಬೆನ್ನುಹುರಿಯಲ್ಲಿರಲಿ, ಕುಲ ಒಂದೇ. ವಿಳಾಸದಿಂದ ರೋಗವನ್ನು ಕರೆಯುತ್ತಿದ್ದ ಕಾಲ ಮುಗಿದು, ವಂಶದಿಂದ ಕರೆಯುವ ಕಾಲ ಬಂದಿತು. ನಿಧಾನದ ಗೆಡ್ಡೆಗಳಿಗೂ ಇದೇ ರೀತಿ ಅವುಗಳದೇ ಗುರುತುಗಳು ದೊರೆತವು. ಅವುಗಳಲ್ಲಿ ಹಲವಕ್ಕೆ ‘ಬಿ-ರಾಫ್’ ಎಂಬ ವಂಶವಾಹಿಯ ದೋಷ ಕಾರಣ. ಆ ದೋಷದ ಒಂದು ಬಗೆಗೆ ನೇರವಾಗಿ ಗುರಿಯಿಡುವ ಎರಡು ಔಷಧಗಳ ಜೋಡಿಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ, ಒಂದು ವರ್ಷ ಮೇಲ್ಪಟ್ಟ ಮಕ್ಕಳಿಗೆ ಕೊಡಲು ಒಪ್ಪಿಗೆಯಿತ್ತಿತು. ಕತ್ತರಿಸಲಾಗದ ಕಡೆ ಇರುವ ನಿಧಾನದ ಗೆಡ್ಡೆಗೆ ಇಂದು ಬಾಯಿಂದ ನುಂಗುವ ಔಷಧವುಂಟು.

ಹರಡುಗೆಡ್ಡೆಯ ವಂಶಕ್ಕೂ ಮೊದಲ ಬಾರಿಗೆ ಒಂದು ಔಷಧ ಬಂದಿದೆ. ಡೋರ್ಡಾವಿಪ್ರೋನ್ ಎಂಬುದು ಅದರ ಹೆಸರು; ಹಿಸ್ಟೋನ್ ದೋಷವುಳ್ಳ, ಚಿಕಿತ್ಸೆಯ ನಂತರವೂ ಬೆಳೆಯುತ್ತಿರುವ ಗೆಡ್ಡೆಗಳಿಗಾಗಿ 2025ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆಯಿತು. ಒಪ್ಪಿಗೆಗೆ ಆಧಾರವಾದ 50 ರೋಗಿಗಳಲ್ಲಿ ಐದರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಂದಿಯ ಗೆಡ್ಡೆ ಕುಗ್ಗಿತು. ಆದರೆ ಆ ಐವತ್ತರ ಲೆಕ್ಕದಲ್ಲಿ ಸೇತುವೆಯ ಹರಡುಗೆಡ್ಡೆಯ ಮಕ್ಕಳನ್ನು ಸೇರಿಸಿರಲಿಲ್ಲ. ಪತ್ರಿಕೆಯ ತಲೆಬರಹವನ್ನು ಮಾತ್ರ ಓದಿದವರಿಗೆ ಈ ಅಂಶ ತಿಳಿಯದು. ಸ್ಟ್ಯಾನ್‌ಫರ್ಡಿನಲ್ಲಿಯೇ, ರೋಗಿಯ ರಕ್ತದ ಬಿಳಿಕಣಗಳನ್ನು ಹೊರತೆಗೆದು, ಗೆಡ್ಡೆಯನ್ನು ಗುರುತಿಸುವಂತೆ ಪಳಗಿಸಿ, ಮರಳಿ ಒಳಬಿಡುವ ಪ್ರಯೋಗ ನಡೆದಿದೆ. 2024ರಲ್ಲಿ ಪ್ರಕಟವಾದ ವರದಿಯಂತೆ, ಚಿಕಿತ್ಸೆ ಪಡೆದ 11 ಮಂದಿಯಲ್ಲಿ ನಾಲ್ವರ ಗೆಡ್ಡೆ ಅರ್ಧಕ್ಕಿಂತ ಹೆಚ್ಚು ಇಳಿಯಿತು; ಅವರಲ್ಲಿ ಒಬ್ಬರ ಗೆಡ್ಡೆ ಕಾಣದಂತಾಯಿತು. ಹನ್ನೊಂದರಲ್ಲಿ ಒಂದು ಎಂಬುದು ಚಿಕ್ಕ ಸಂಖ್ಯೆ. ಆದರೆ ಈ ರೋಗದ ಚರಿತ್ರೆಯನ್ನು ಬಲ್ಲವರಿಗೆ ಅದು ಚಿಕ್ಕ ಸಂಗತಿಯಲ್ಲ.

ಒಮ್ಮೆ ಉತ್ತರ ಕರ್ನಾಟಕದ ಕಡೆಯ ಒಬ್ಬ ರೈತರು ಚಿತ್ರದ ಲಕೋಟೆಯನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದರು: ‘ಸಾಹೇಬ್ರ, ಇದಕ್ಕ ಹೆಸರ ಏನ್ರಿ? ಹೆಸರ ಗೊತ್ತಾದ್ರ ಔಷಧ ಸಿಗತೈತಲ್ರಿ?’ ಆ ಪ್ರಶ್ನೆಯಲ್ಲಿ ಈ ಶಾಸ್ತ್ರದ ಬಲವೂ ಮಿತಿಯೂ ಎರಡೂ ಅಡಗಿವೆ. ಕತ್ತಿನ ಸಂಧಿಯ ಗೆಡ್ಡೆಯಾದರೆ, ಕ್ಷಯದ ಗಂಟಾದರೆ, ನಡುಮಿದುಳಿನ ಚಾವಣಿಯ ಗೆಡ್ಡೆಯಾದರೆ, ಹೌದು, ಹೆಸರು ತಿಳಿದರೆ ದಾರಿ ಸಿಗುತ್ತದೆ. ಹರಡುಗೆಡ್ಡೆಯಾದರೆ ಹೆಸರು ತಿಳಿದೂ ಮಗುವನ್ನು ಉಳಿಸಿಕೊಡುವ ಔಷಧ ಇಂದು ಕೈಯಲ್ಲಿಲ್ಲ. ಹಾಗಾದರೆ ಆ ಹೆಸರಿನಿಂದ ಪ್ರಯೋಜನವೇನು?

ಪ್ರಯೋಜನವುಂಟು ಎಂದೇ ನನ್ನ ನಂಬಿಕೆ. ಸರಿಯಾದ ಹೆಸರು ತಿಳಿದ ತಂದೆ ಹೊಲವನ್ನು ಮಾರುವುದಿಲ್ಲ. ಗುಣಪಡಿಸುತ್ತೇನೆಂಬ ಮೋಸಗಾರನ ಜಾಹೀರಾತಿಗೆ ಮರುಳಾಗುವುದಿಲ್ಲ. ವಿಕಿರಣ ಮುಗಿದು ಮಗು ಚೇತರಿಸಿಕೊಂಡ ಆ ಕೆಲವು ತಿಂಗಳುಗಳನ್ನು ರೋಗ ಹೋಯಿತೆಂಬ ಭ್ರಮೆಯಲ್ಲಿ ಕಳೆಯದೆ, ಅವುಗಳ ಬೆಲೆಯನ್ನು ಅರಿತು ಕಳೆಯುತ್ತಾನೆ. ಮಗುವನ್ನು ಊರಿನ ಜಾತ್ರೆಗೆ, ಅಜ್ಜಿಯ ಮನೆಗೆ ಕರೆದೊಯ್ಯುತ್ತಾನೆ. ರೋಗ ಮರಳಿದಾಗ ನೋವು, ವಾಂತಿ, ನುಂಗಲಾರದ ಸಂಕಟ ಇವುಗಳನ್ನು ಇಳಿಸುವ ಉಪಶಮನ ಚಿಕಿತ್ಸೆಯನ್ನು ಮೊದಲೇ ಏರ್ಪಾಡು ಮಾಡಿಕೊಳ್ಳಬಹುದು. ಆ ಚಿಕಿತ್ಸೆ ಸೋತ ವೈದ್ಯನ ಕೊನೆಯ ನೆಪವೆಂದು ನಮ್ಮಲ್ಲಿ ಇನ್ನೂ ಅನೇಕರು ತಿಳಿದಿದ್ದಾರೆ. ರೋಗ ತಿಳಿದ ಮೊದಲ ದಿನದಿಂದಲೇ ಅದು ವಿಕಿರಣದ ಜೊತೆಜೊತೆಗೆ ನಡೆಯಬೇಕಾದ ವಿದ್ಯೆ.

ಇನ್ನು ಮಗುವಿಗೆ ಏನು ಹೇಳಬೇಕು? ಹಿರಿಯರು ಮುಚ್ಚಿಟ್ಟದ್ದನ್ನು ಆರೇಳು ವರ್ಷದ ಮಕ್ಕಳು ಮುಖ ನೋಡಿಯೇ ಓದಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ಈ ರೋಗ ಬಹುಮಟ್ಟಿಗೆ ಬುದ್ಧಿಯನ್ನು ಮುಟ್ಟುವುದಿಲ್ಲ. ಮಾತು ತೊದಲಿದರೂ ನಗು ಸೊಟ್ಟಗಾದರೂ ಒಳಗಿನ ಮಗು ಎಲ್ಲವನ್ನೂ ಅರಿಯುತ್ತಿರುತ್ತದೆ. ಅದು ಕೇಳಿದ ಪ್ರಶ್ನೆಗೆ, ಅದು ಕೇಳಿದಷ್ಟಕ್ಕೆ, ಸುಳ್ಳಿಲ್ಲದ ಉತ್ತರ ಕೊಟ್ಟರೆ ಸಾಕು. ಮಗುವಿಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು, ಉತ್ತರ ಹೇಳುವವರು ತನ್ನ ಪಕ್ಕದಿಂದ ಎದ್ದುಹೋಗುವುದಿಲ್ಲ ಎಂಬ ಭರವಸೆ.

1969ರಲ್ಲಿ ಒಂದೇ ತೀರ್ಪಿಗೆ ಗುರಿಯಾಗಿದ್ದ ಮಕ್ಕಳಲ್ಲಿ ಒಂದು ಪಾಲು ಇಂದು ಬೆಳೆದು, ಓದಿ, ಸಂಸಾರ ಕಟ್ಟಿಕೊಳ್ಳುತ್ತಿದೆ. ಅವರನ್ನು ಉಳಿಸಿದ್ದರಲ್ಲಿ ಶಸ್ತ್ರ, ಔಷಧಗಳ ಪಾಲು ಎಷ್ಟೋ, ‘ಇವೆಲ್ಲ ಒಂದೇ ಅಲ್ಲ’ ಎಂದು ಮತ್ತೆ ಮತ್ತೆ ನೋಡಿದ ಕಣ್ಣುಗಳ ಪಾಲೂ ಅಷ್ಟೇ. ಉಳಿದ ಪಾಲಿನ ಮಕ್ಕಳಿಗಾಗಿ ಆ ನೋಟ ಇನ್ನೂ ನಡೆದಿದೆ. ಅದು ಮುಗಿಯುವವರೆಗೆ, ನಮ್ಮ ಊರುಗಳಲ್ಲಿ ಯಾರಾದರೂ ‘ಮಿದುಳಿನ ಕಾಂಡದಲ್ಲಿ ಗೆಡ್ಡೆಯಂತೆ’ ಎಂದು ಹೇಳಿದಾಗ, ನಿಟ್ಟುಸಿರು ಬಿಡುವುದಕ್ಕೆ ಮೊದಲು ‘ಯಾವ ಬಗೆಯದು?’ ಎಂದು ಕೇಳುವಷ್ಟು ತಿಳಿವಳಿಕೆ ನಮ್ಮಲ್ಲಿ ಮೂಡಿದರೆ, ಅದೂ ಆ ಮಕ್ಕಳಿಗೆ ಒಂದು ಸಹಾಯವೇ.

(ಬಾನುಲಿ ಭಾಷಣದ ಬರಹರೂಪ)